ಬೇಳೆಗೆ ಬೆಲ್ಲ ಹಾಕುವ ಹೊತ್ತು

ಕಡಲೆಬೇಳೆಗೆ ಬೆಲ್ಲದ ಮೇಲೆ ಅದೇನು ಸಿಟ್ಟೋ, ನನಗಂತೂ ಇವತ್ತಿಗೂ ತಿಳಿದಿಲ್ಲ. ಬೇಳೆ ಮೆತ್ತಗಾಗುವ ಮೊದಲೇ ಬೆಲ್ಲ ಬಿತ್ತೋ, ಮುಗಿಯಿತು. ಆಮೇಲೆ ಸಂಜೆವರೆಗೆ ಕುದಿಸಿದರೂ ಅದು ಬೇಯುವುದಿಲ್ಲ. ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ನನಗೆ ಇದು ಗೊತ್ತಿರಬೇಕಿತ್ತು. ಬಣ್ಣ ನೋಡಿಯೇ ಬೆಲ್ಲ ಕೊಲ್ಹಾಪುರದ್ದೋ ನಮ್ಮ ಕಡೆಯದೋ ಹೇಳಬಲ್ಲ ಪಂಡಿತ ನಾನು. ಆದರೆ ಪಾತ್ರೆಗೆ ಬಿದ್ದಮೇಲೆ ಅದು ಏನು ಮಾಡುತ್ತದೆ ಎಂದು ಅಂಗಡಿಯಲ್ಲಿ ಯಾರೂ ಕೇಳಿರಲಿಲ್ಲ.

ಹತ್ತು ವರ್ಷದ ಹಿಂದಿನ ಮಾತು. ನಾವಾಗ ಊರು ಬಿಟ್ಟು ಬಂದು, ಮರಾಠಿ ಸೀಮೆಯ ಧನಕವಡಿಯಲ್ಲಿ ಬಾಡಿಗೆಗಿದ್ದೆವು. ಅಪ್ಪ ತೀರಿಕೊಂಡು ವರ್ಷಾಂತಿಕವೂ ಮುಗಿದಿತ್ತು. ಆದರೂ ಅವ್ವ ಒಲೆಯ ಮುಂದೆ ಬರಲಿಲ್ಲ. ಹೊರಕೋಣೆಯ ಕಿಟಕಿಗೆ ಮುಖಮಾಡಿ ಕೂತರೆ ಕೂತಳು. ಊರಲ್ಲಿ ಹತ್ತು ಮನೆಯ ಸಾರಿಗೆ ಕೊಂಕು ತೆಗೆದು ಹೆಸರಿಡುತ್ತಿದ್ದವಳು ಈಗ ತಟ್ಟೆಗೆ ಹಾಕಿದ್ದನ್ನು ಉಪ್ಪು ಹೆಚ್ಚೆನ್ನದೆ, ಕಡಿಮೆಯೆನ್ನದೆ ಉಣ್ಣುತ್ತಿದ್ದಳು. ನನಗೆ ಹೆದರಿಕೆಯಾಗಿದ್ದು ಅದಕ್ಕೇ. ಹೆಂಡತಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದಾಗ ಯುಗಾದಿ ಬಂತು. ವರ್ಷದ ಮೊದಲ ದಿನ ಹೂರಣ ಬೆಂದ ಮನೆಯಲ್ಲಿ ವರ್ಷವಿಡೀ ಸುಖ ಎಂದು ನಮ್ಮಲ್ಲಿ ನಂಬಿಕೆ. ಕೂಸು ಬರುವ ವರ್ಷ, ಹೋಳಿಗೆಯಿಲ್ಲದೆ ಹೇಗೆ? ಅವ್ವನನ್ನು ಕೇಳಿದರೆ, ಅಂಗಡಿಯಿಂದ ತಾ ಎಂದಳು.

ತರಲಿಲ್ಲ. ಸೊಂಟಕ್ಕೆ ಟವೆಲ್ ಸುತ್ತಿ ನಾನೇ ನಿಂತೆ. ಎದುರುಮನೆಯವರು ಆಗಲೇ ಬಾಗಿಲಿಗೆ ಹಬ್ಬದ ಗುಡಿಕೋಲು ಏರಿಸಿ, ಶ್ರೀಖಂಡದ ಜೊತೆಗೆ ಪೂರಿ ಕರಿಯುತ್ತಿದ್ದರು. ಶ್ರೀಖಂಡ ಡಬ್ಬಿಯಲ್ಲಿ ತಂದರೂ ನಡೆಯುತ್ತದೆ, ಪುಣ್ಯವಂತರು. ನಮ್ಮ ಹಿರಿಯರೋ, ಬೇಯಿಸಿ, ಬಸಿದು, ರುಬ್ಬಿ, ತುಂಬಿ, ಲಟ್ಟಿಸಿ, ಹಂಚಿನ ಮೇಲೆ ಸುಡುವಂಥದ್ದನ್ನೇ ಹುಡುಕಿ ಹಬ್ಬಕ್ಕೆ ಇಟ್ಟಿದ್ದಾರೆ. ಒಬ್ಬರ ಕೈಯಲ್ಲಿ ಆಗಬಾರದು, ಮನೆಮಂದಿಯೆಲ್ಲ ಒಲೆಯ ಹತ್ತಿರ ಸೇರಲಿ ಎಂದೇ ಇರಬೇಕು. ಇಷ್ಟು ಯೋಚನೆ ಆಗ ನನಗೆಲ್ಲಿತ್ತು? ಕೆಲಸ ಬೇಗ ಮುಗಿಯಲಿ ಎಂದು ಬೇಳೆ, ಬೆಲ್ಲ ಎರಡನ್ನೂ ಒಟ್ಟಿಗೇ ಹಾಕಿದೆ. ಪರಿಮಳವೇನೋ ಭರ್ಜರಿ. ಬೇಳೆ ಮಾತ್ರ ಜಪ್ಪಯ್ಯ ಅಂದರೂ ಬೇಯಲಿಲ್ಲ.

"ಬೆಲ್ಲ ಯಾವಾಗ ಹಾಕಿದಿ?"

ತಿರುಗಿ ನೋಡಿದರೆ ಅವ್ವ ಬಾಗಿಲಲ್ಲಿ ನಿಂತಿದ್ದಳು. ಮೊದಲೇ ಹಾಕಿದೆ ಎಂದೆ. ನನ್ನನ್ನೊಮ್ಮೆ, ಪಾತ್ರೆಯನ್ನೊಮ್ಮೆ ನೋಡಿದಳು.

"ದಿನಾ ಬೆಲ್ಲದಾಗ ಕುಂಡರ್ತಿ, ಇಷ್ಟೂ ತಿಳೀಲಿಲ್ಲೇನು? ಸರಿ ಅತ್ಲಾಗ."

ಸರಿದೆ. ಅಷ್ಟು ಸಂತೋಷದಿಂದ ನಾನು ಯಾವತ್ತೂ ಬೈಸಿಕೊಂಡಿಲ್ಲ. ಅವ್ವ ಬೇರೆ ಬೇಳೆ ಇಟ್ಟಳು, ಬೆರಳಲ್ಲಿ ಹಿಚುಕಿ ನೋಡಿದಳು, ಕಟ್ಟನ್ನು ಸಾರಿಗೆಂದು ಬಸಿದಿಟ್ಟಳು, ಆಮೇಲೆ ಬೆಲ್ಲ ಹಾಕಿದಳು. ಹೊತ್ತು ಇಳಿಯುವಾಗ ಮೊದಲ ಹೋಳಿಗೆ ಅಪ್ಪನ ಫೋಟೋದ ಮುಂದೆ ಕೂತಿತು. ಎರಡನೆಯದಕ್ಕೆ ತುಪ್ಪ ಸುರಿದುಕೊಂಡು ತಾನು ತಿಂದಳು. ಏಲಕ್ಕಿ ಹಳೆಯದು ಎಂದು ಹೆಸರಿಟ್ಟಳು. ನನ್ನ ಕಣ್ಣು ತುಂಬಿ ಬಂತು.

ಈಗ ಮಗಳು ಶಾಲೆಗೆ ಹೋಗುತ್ತಾಳೆ. ಹೂರಣದ ಕಾರುಬಾರು ಹೆಂಡತಿಯದು. ಆದರೂ ಪ್ರತಿ ಯುಗಾದಿಗೆ ಬೇಳೆ ಒಲೆಗೇರಿದ ಕೂಡಲೇ ನಾನು ಬೆಲ್ಲದ ಡಬ್ಬಿ ಹಿಡಿದು, ಹಾಕಲೇನವ್ವಾ ಎಂದು ಹೊರಕೋಣೆಗೆ ಕೇಳುವಂತೆ ಕೂಗುತ್ತೇನೆ. ಇದು ನಾಟಕವೆಂದು ಅವ್ವನಿಗೂ ಗೊತ್ತು. ಆದರೂ ಮೊಣಕಾಲು ಹಿಡಿದುಕೊಂಡು ಎದ್ದು ಬರುತ್ತಾಳೆ.

"ತಡಿಯೋ, ನಾ ಬರೂತನಕಾ ಮುಟ್ಟಬ್ಯಾಡ."

ನಾನು ಮುಟ್ಟುವುದಿಲ್ಲ. ನಮ್ಮ ಮನೆಯಲ್ಲಿ ಹೊಸ ವರ್ಷ ಶುರುವಾಗುವುದೇ ಆಗ.