ಎರಡು ಸಲ ಮುಳುಗಿದ ಹಡಗು

ನಮ್ಮವರ ಹೆಸರು ಚಂದಯ್ಯ ಶೆಟ್ಟಿ. ಕೋಟದಲ್ಲಿ ಹಾಗೆಂದು ಕೇಳಿದರೆ ನಾಲ್ಕು ಜನ ನಾಲ್ಕು ಮನೆ ತೋರಿಸುತ್ತಿದ್ದರು. ಲಂಡನ್ ಶೆಟ್ರು ಎಂದರೆ ಮಾತ್ರ ಸೀದಾ ನಮ್ಮ ಜಗಲಿಗೇ ಕಳುಹಿಸುತ್ತಿದ್ದರು. ಲಂಡನ್ನಿಗೆ ಹೋಗಿಬಂದವರೇನಲ್ಲ. ಬೊಂಬಾಯಿಯ ಒಂದು ಹೋಟೆಲಿನಲ್ಲಿ ಏಳು ವರ್ಷ ಸಪ್ಲೈ ಮಾಡಿ, ಅರವತ್ತನಾಲ್ಕರಲ್ಲಿ ಊರಿಗೆ ಬರುವಾಗ ಒಂದು ಬ್ಯಾಟರಿ ರೇಡಿಯೋ ತಂದರು. ಎರಡು ತೆಂಗಿನ ಮರಗಳ ನಡುವೆ ತಂತಿ ಕಟ್ಟಿದರು. ಅದರಲ್ಲಿ ಲಂಡನ್ ಬಂತು. ಇಷ್ಟೇ ಅವರ ವಿಲಾಯಿತಿ ಪ್ರವಾಸ.

ಅವರು ತೀರಿಹೋದಾಗ, ಉತ್ತರಕ್ರಿಯೆಯ ಬೊಜ್ಜದ ದಿನ, ಊರಿನವರು ಅವರ ಇಂಗ್ಲಿಷನ್ನು ಹೊಗಳಿದ್ದೇ ಹೊಗಳಿದ್ದು. ನಾನು ತಲೆ ತಗ್ಗಿಸಿ ಕುಳಿತಿದ್ದೆ. ಪಾಪ, ಅಳುತ್ತಿದ್ದಾಳೆ ಎಂದುಕೊಂಡರು. ನನಗೆ ಬರುತ್ತಿದ್ದದ್ದು ಅಳುವಲ್ಲ, ನಾಚಿಕೆ. ನಿಜ ಗೊತ್ತಿದ್ದವರು ಊರಿನಲ್ಲಿ ಮೂರೇ ಜನ. ಅವರಲ್ಲಿ ಒಬ್ಬರು ಹೋದರು, ಇನ್ನೊಬ್ಬಳು ಬಾಯಿ ಬಿಡುವವಳಲ್ಲ. ಉಳಿದವಳು ನಾನು, ಕುಸುಮಾವತಿ. ಅದಕ್ಕೇ ಬರೆಯುತ್ತಿದ್ದೇನೆ.

ಅವರಿಗೆ ಬರುತ್ತಿದ್ದ ಇಂಗ್ಲಿಷು ಹೋಟೆಲಿನ ಮೇಜಿನಷ್ಟೇ ಅಗಲ. ಎಸ್ ಸಾರ್, ಹಾಟ್ ವಾಟರ್ ಸಾರ್, ಬಿಲ್ ಸಾರ್. ಓದಲು ಕೊಟ್ಟರೆ ಒಂದೊಂದೇ ಅಕ್ಷರ ಕೂಡಿಸಿ ಸಣ್ಣ ಸಾಲು ದಾಟುತ್ತಿದ್ದರು. ಆದರೆ ಹಾಳೂರಿಗೆ ಉಳಿದವನೇ ಗೌಡ ಅಲ್ಲವೇ? ಭಾನುವಾರ ಬೆಳಿಗ್ಗೆ ರೇಡಿಯೋದಲ್ಲಿ ಗಂಟೆ ಢಣ್ ಎಂದರೆ ಸಾಕು, ಜಗಲಿ ತುಂಬುತ್ತಿತ್ತು. ಮಳೆಗಾಲದಲ್ಲಿ ದೋಣಿ ಮೇಲೆಳೆದು ಕೂತ ಪಡುಕರೆಯ ಮೀನುಗಾರರೂ ಬರುತ್ತಿದ್ದರು. ವಾರ್ತೆ, ಆಮೇಲೆ ಯಾರದೋ ಭಾಷಣ, ಕೇಳುಗರ ಕಾಗದ, ಇಬ್ಬರು ವಿದ್ವಾಂಸರ ಜಗಳ, ಪಾದ್ರಿಯ ಪ್ರವಚನ, ಸಂಜೆಗೆ ನಾಟಕ. ಇವನ್ನೆಲ್ಲ ಬೇರೆ ಬೇರೆ ಎಂದು ನನಗೆ ಬಿಡಿಸಿ ಹೇಳಿದ್ದು ತಮ್ಮನ ಮಗಳು, ಅದೂ ಎಷ್ಟೋ ವರ್ಷಗಳ ಮೇಲೆ. ಆಗ ನಮಗೆ ಎಲ್ಲವೂ ಒಂದೇ, ಲಂಡನ್ ಮಾತಾಡುತ್ತಿದೆ, ಅಷ್ಟೇ. ನಮ್ಮವರು ಕಣ್ಣು ಮುಚ್ಚಿ ಕೇಳಿ, ನಡುವೆ ಸಿಕ್ಕಿದ ನಾಲ್ಕು ಶಬ್ದ ಹಿಡಿದು, ಉಳಿದದ್ದನ್ನು ತಾವೇ ಬೇಯಿಸಿ ಬಡಿಸುತ್ತಿದ್ದರು. ಒಮ್ಮೆ ಯಾರೋ ನಕ್ಕದ್ದು ಕೇಳಿ, ಗೋಧಿಯ ಕ್ರಯ ಇಳಿಯಿತು ಎಂದರು. ಜನ ಹೌದೌದು ಎಂದರು. ನಾನು ಒಳಗೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದೆ. ನಕ್ಕದ್ದೂ ತಪ್ಪೇ.

ಅರವತ್ತಾರರ ಮಳೆಗಾಲ. ಒಂದು ಭಾನುವಾರ ಸಂಜೆ ವಾರ್ತೆ ಮುಗಿಯಿತು. ಮುಗಿಯಿತೆಂದು ನಮಗೆ ಗೊತ್ತಾಗಲಿಲ್ಲ. ರೇಡಿಯೋದಲ್ಲಿ ಗಾಳಿಯ ಆರ್ಭಟ, ಗಂಡಸರ ಕೂಗು, ಒಬ್ಬ ಹೆಂಗಸಿನ ಅಳು. ನಮ್ಮವರು ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. ಮುಖ ಸಣ್ಣದಾಯಿತು.

"ಬೊಂಬಾಯಿಂದ ಹೊರ್ಟ ಹಡ್ಗ್ ಒಂದ್ ಮುಳ್ಗಿತಂಬ್ರ್. ಒಬ್ರೂ ಉಳಿಲಿಲ್ಲಂಬ್ರ್" ಎಂದರು.

ಮೀನು ಮಾರುವ ಜಲಜಕ್ಕ ಜಗಲಿಯ ತುದಿಯಲ್ಲಿ ಕುಳಿತಿದ್ದಳು. ಅವಳ ಒಬ್ಬನೇ ಮಗ ಮಂಜ, ಬೊಂಬಾಯಿಯಿಂದ ಹೊರಡುವ ಹಡಗಿನಲ್ಲಿ ಖಲಾಸಿ. ಎರಡು ತಿಂಗಳಿಂದ ಅವನ ಕಾಗದವಿರಲಿಲ್ಲ.

"ಶೆಟ್ರೆ, ನಮ್ ಮಂಜ ಹೋದ್ ಹಡ್ಗಾ ಅದ್? ಸಮಾ ಕೇಂಡ್ ಹೇಳಿ" ಎಂದಳು.

ಗೊತ್ತಿಲ್ಲ ಎನ್ನಬಹುದಿತ್ತು. ನಮ್ಮವರು ಅದೊಂದು ಮಾತನ್ನು ಜನ್ಮದಲ್ಲಿ ಕಲಿತವರಲ್ಲ. "ಹಾಂಗೇ ಕಾಣತ್ ಜಲಜಕ್ಕ" ಎಂದರು. ಅವಳು ಅಲ್ಲೇ ಕುಸಿದಳು.

ಮರುದಿನ ಮೀನುಗಾರರ ಜಾತಿಯ ಹಿರಿಯ, ಗುರಿಕಾರ ಮುತ್ತಣ್ಣ ಬೊಂಬಾಯಿಯ ಹಡಗಿನ ಕಚೇರಿಗೆ ತಂತಿ ಕೊಡಿಸಿದರು. ಗುರುವಾರದವರೆಗೆ ಉತ್ತರಕ್ಕೆ ಕಾಯುವುದು, ಬಾರದಿದ್ದರೆ ಕಡಲ ಬದಿಯಲ್ಲಿ ಕ್ರಿಯೆ ಮುಗಿಸುವುದು ಎಂದು ತೀರ್ಮಾನವಾಯಿತು. ಹೆಣ ಸಿಕ್ಕದ ಜೀವವನ್ನು ನೀರಿನಲ್ಲಿ ಅಲೆಯಲು ಬಿಡಬಾರದು ಎಂಬುದು ಅವರ ನಂಬಿಕೆ. ಕ್ರಿಯೆ ಎಂದರೆ ಮಂಜನ ಹೆಂಡತಿ ಪುಷ್ಪಳ ಬಳೆ, ಕರಿಮಣಿ ಎರಡೂ ಹೋಗಬೇಕು. ಅವಳಿಗೆ ಇಪ್ಪತ್ತು ತುಂಬಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಜಗಲಿಯಲ್ಲಿ ಯಾರೂ ಇರಲಿಲ್ಲ. ನಮ್ಮವರು ರೇಡಿಯೋ ತಿರುಗಿಸಿದರು. ಅದೇ ಗಾಳಿ. ಅದೇ ಗಂಡಸು, ಅದೇ ಕೂಗು. ಅದೇ ಹೆಂಗಸು ಅದೇ ಜಾಗದಲ್ಲಿ ಅತ್ತಳು. ಇಂಗ್ಲಿಷು ಬಾರದ ನನಗೂ ಗೊತ್ತಾಯಿತು. ಹಡಗು ಎರಡು ಸಲ ಮುಳುಗುತ್ತದೆಯೇ? ಕೊನೆಗೆ ಸಂಗೀತ ಬಂತು, ಯಾರೋ ಹೆಸರುಗಳ ಪಟ್ಟಿ ಓದಿದರು. ಬೊಂಬಾಯಿಯಲ್ಲಿ ಸಿನಿಮಾ ನೋಡಿದವರಿಗೆ ಅದೇನೆಂದು ಹೇಳಬೇಕಾಗಿರಲಿಲ್ಲ.

"ನಾಟ್ಕ" ಎಂದರು ನಮ್ಮವರು. ರೇಡಿಯೋ ಆರಿಸಿದರು.

"ಹಂಗಾರೆ ಈಗ್ಳೇ ಹೋಯ್ ಹೇಳಿ ಬನ್ನಿ" ಎಂದೆ.

"ಬೊಂಬಾಯಿಂದ ಉತ್ರ ಬತ್ತಲ್ದಾ? ಬಂದ್ರೆ ಎಲ್ಲ ಸಮಾ ಆತ್ತ್. ನಾನೆಂತಕ್ ಹೇಳೂದ್?"

ಬುಧವಾರ ಉತ್ತರ ಬರಲಿಲ್ಲ. ಗುರುವಾರ ಬೆಳಿಗ್ಗೆ ಅಂಗಿ ಹಾಕಿಕೊಂಡರು, ಚಪ್ಪಲಿ ಮೆಟ್ಟಿದರು, ತೋಟದ ಬೇಲಿಯ ದಣಪೆಯವರೆಗೆ ಹೋಗಿ ತಿರುಗಿ ಬಂದರು. ಊರಿಗೆ ಊರೇ ನಗುತ್ತದಲ್ಲ ಎಂಬುದು ಅವರ ಹೆದರಿಕೆ. ಎರಡು ವರ್ಷ ಕಟ್ಟಿದ ಮರ್ಯಾದೆ ಒಂದು ಮಾತಿಗೆ ಬೀಳುತ್ತಿತ್ತು. ನಾನಾದರೂ ಓಡಬಹುದಿತ್ತು, ಪಡುಕರೆ ಎಷ್ಟು ದೂರ? ಗಂಡನ ಮಾನ ಹೆಂಡತಿಯೇ ಕಳೆಯುವುದೇ ಎಂದು ನಾನೂ ಒಲೆಯ ಮುಂದೆ ಕುಳಿತೆ. ಮಧ್ಯಾಹ್ನದ ಹೊತ್ತಿಗೆ ಕಡಲ ಕಡೆಯಿಂದ ಹೆಂಗಸರ ಅಳು ಕೇಳಿತು. ನಮ್ಮವರು ಆ ದಿನ ಊಟ ಬೇಡವೆಂದರು. ನಾನು ಬಡಿಸಿಕೊಂಡೆ, ಹಾಗೇ ಎತ್ತಿ ದನಕ್ಕೆ ಹಾಕಿದೆ.

ಶನಿವಾರ ಜಲಜಕ್ಕ ಕೈಯಲ್ಲಿ ತಂತಿ ಹಿಡಿದು ಅಂಗಳಕ್ಕೆ ಬಂದಳು. ಅಂಚೆಯವರು ಓದಿ ಹೇಳುತ್ತೇನೆಂದರೂ ಬಿಡಲಿಲ್ಲವಂತೆ, ಶೆಟ್ರೇ ಓದಬೇಕು ಎಂದಳಂತೆ. ನಮ್ಮವರು ಬಿಡಿಸಿ, ಅಕ್ಷರ ಕೂಡಿಸಿ ಓದಿದರು. ನಾಲ್ಕೇ ಶಬ್ದ. ಮಂಜ ಕ್ಷೇಮ, ಊರಿಗೆ ಹೊರಟಿದ್ದಾನೆ.

ಜಲಜಕ್ಕ ಅಂಗಳದಲ್ಲೇ ಅಡ್ಡಬಿದ್ದಳು. ಎದ್ದು ಕಣ್ಣೊರೆಸಿಕೊಂಡು ಹೇಳಿದಳು:

"ಲಂಡನ್ನಿನವ್ರಿಗೂ ತಪ್ಪಿ ಹೋತ್ತಾ ಶೆಟ್ರೆ? ನೀವೊಂದ್ ಕಾಗ್ದ ಬರಿನಿ ಅವ್ರಿಗೆ. ನಮ್ ಮಂಜ ಬದ್ಕಿ ಇದ್ದ ಅಂದೇಳಿ. ಪಾಪ, ಅವ್ರಿಗೂ ಬೇಜಾರ್ ಆಯಿರತ್."

ಬೈದಿದ್ದರೆ ನಮ್ಮವರು ತಡೆದುಕೊಳ್ಳುತ್ತಿದ್ದರು. ಈ ಮಾತಿಗೆ ತಡೆಯಲಿಲ್ಲ. "ಅವ್ರದ್ ತಪ್ಪಲ್ಲ ಜಲಜಕ್ಕ" ಎಂದರು. "ಅದ್ ಸುದ್ದಿಯೇ ಅಲ್ಲ. ನಾಟ್ಕ. ನಂಗೆ ಇಂಗ್ಲಿಷ್ ಬತ್ತಿಲ್ಲೆ."

ಜಲಜಕ್ಕ ಒಂದು ಹೆಜ್ಜೆ ಮುಂದೆ ಬಂದಳು.

"ನಾಟ್ಕ ಅಂದೇಳಿ ನಿಮ್ಗೆ ಯಾಗಳ್ ಗೊತ್ತಾಯ್ತ್?"

ಸುಳ್ಳು ಹೇಳಬಹುದಿತ್ತು, ಅವರಿಗೆ ಅಭ್ಯಾಸವೂ ಇತ್ತು. ಹೇಳಲಿಲ್ಲ. "ಮಂಗ್ಳಾರ" ಎಂದರು.

"ಬಳೆ ಒಡ್ದದ್ ಗುರ್ವಾರ" ಎಂದಳು ಜಲಜಕ್ಕ. ದನಿ ಏರಿಸಲಿಲ್ಲ. ನಮ್ಮವರ ಕೈಯಿಂದ ತಂತಿಯನ್ನು ತೆಗೆದುಕೊಂಡು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದಳು.

"ನಿಮ್ಗೂ ಗೊತ್ತಿತ್ತಾ ಅಮ್ಮ?"

ನನ್ನ ಎರಡೂ ಕೈ ತುಂಬ ಬಳೆಗಳಿದ್ದವು. ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು, "ಗೊತ್ತಿತ್ತ್" ಎಂದೆ.