ದನಿ ಏರಿಸದ ಟೈಲರ್

ನನ್ನ ಗಂಡ ಟೈಲರ್. ಗಿರಾಕಿಯ ಎದೆ ಅಳತೆ ತೆಗೆಯುತ್ತಲೇ ಕೃಪೆ ದೊಡ್ಡದೋ ಕ್ರಿಯೆ ದೊಡ್ಡದೋ ಎಂದು ವಾದ ಶುರು ಹಚ್ಚುತ್ತಾರೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು. ಪ್ಯಾಂಟು ಬಿಗಿಯಾದರೂ ಯಾರೂ ಬೈಯುವುದಿಲ್ಲ. ಚರ್ಚಿನಲ್ಲಿ ಅವರಿಗೆ ಬೆಣ್ಣೆಯಣ್ಣ ಎಂದೇ ಹೆಸರು. ಆ ಬೆಣ್ಣೆಯ ಜೊತೆ ಬಾಳುವ ಕಷ್ಟ ನನ್ನನ್ನು ಕೇಳಬೇಕು.

ಭಾನುವಾರ ಆರಾಧನೆ ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ ಗಂಡಸರ ವಾದ ನಡೆಯುತ್ತದೆ. ನಿಯಮ ಮಾಡಿದವರು ಇವರೇ. ಎದುರಿನವನ ಕೈ ಹಿಡಿದು ಪ್ರಾರ್ಥಿಸಿ ಶುರು ಮಾಡಬೇಕು. ದನಿ ಏರಿಸಿದವನು ಸೋತ ಹಾಗೆ. ಇವರು ಒಮ್ಮೆಯೂ ಸೋತಿಲ್ಲ. ಎದುರಿನವನು ಕೆಂಡಾಮಂಡಲವಾಗುವ ತನಕ ನಗುನಗುತ್ತಾ ಕೆಣಕಿ, ಕೊನೆಗೆ ಅವನಿಗಾಗಿ ಪ್ರಾರ್ಥನೆಯನ್ನೂ ಮಾಡಿ ಕಳಿಸುತ್ತಾರೆ.

ಎಳೆಗೂಸಿಗೆ ದೀಕ್ಷಾಸ್ನಾನ ಕೊಡಬಾರದು, ನಂಬುವ ವಯಸ್ಸು ಬರಲಿ ಎನ್ನುವುದು ಇವರ ಪಟ್ಟು. ಇವರ ತಂಗಿಗೆ ಮಗು ಹುಟ್ಟಿದಾಗ ಅವಳ ಅತ್ತೆ ಬೇಗ ಮಾಡಿಸೋಣ ಎಂದಿದ್ದರು. ಇವರು ಹೋಗಿ ಆ ಮುದುಕಿಯ ಬಾಯಿ ಮುಚ್ಚಿಸಿ ಬಂದರು. ಆಮೇಲೆ ಮಗು ಜ್ವರ ಬಂದು ತೀರಿಕೊಂಡಿತು. ಮಣ್ಣು ಮಾಡಿದ ಜಾಗದಲ್ಲೇ ಅತ್ತೆ ಸೊಸೆಗೆ ಹೇಳಿದರು, "ಅಣ್ಣನ ಮಾತು ಕೇಳಿದೆಯಲ್ಲ, ದೀಕ್ಷಾಸ್ನಾನ ಇಲ್ಲದೆ ನಿನ್ನ ಕೂಸಿಗೆ ದೇವರ ಬಾಗಿಲು ಮುಚ್ಚಿಹೋಯ್ತು."

ಮುಂದಿನ ಭಾನುವಾರ ನಾದಿನಿ ಗಂಡಸರ ಕೋಣೆಗೇ ಬಂದಳು. ಬಾಗಿಲ ಬಳಿ ನಾನೂ ಇದ್ದೆ.

"ಅಣ್ಣ, ನನ್ನ ಮಗು ದೇವರ ಹತ್ರ ಇದೆ ಅಂತ ಒಂದು ಮಾತು ಹೇಳು. ಸಾಕು."

ಇವರು ಅವಳ ಕೈ ಹಿಡಿದು, ಕಣ್ಣು ಮುಚ್ಚಿ ಪ್ರಾರ್ಥಿಸಿದರು. "ಒಳ್ಳೆ ಪ್ರಶ್ನೆ ಕಣಮ್ಮ. ಇದರಲ್ಲಿ ಎರಡು ಪಕ್ಷ ಇದೆ."

"ಪಕ್ಷ ಬೇಡ ಅಣ್ಣ. ಇದೆಯೋ ಇಲ್ವೋ ಹೇಳು."

"ನೇರವಾಗಿ ಹೇಳೋ ವಚನ ಬೈಬಲಲ್ಲಿ ಒಂದೂ ಇಲ್ಲಮ್ಮ. ಸಮಾಧಾನವಾಗಿ ಯೋಚಿಸೋಣ."

ಅವಳು ಚೀರಿದಳು. ಹಿರಿಯರೊಬ್ಬರು ಅಭ್ಯಾಸಬಲದಿಂದ "ದನಿ ಏರಿತು" ಎಂದರು. ಇವರು ತಲೆ ಬಾಗಿಸಿ ತಂಗಿಗಾಗಿ ಪ್ರಾರ್ಥಿಸತೊಡಗಿದರು. ನನಗೆ ಇವರ ಮೇಲೆ ಅಸಹ್ಯ ಹುಟ್ಟಿದ್ದು ಆಗ.

ಮನೆಗೆ ಬಂದ ಮೇಲೆ ಕೇಳಿಯೇ ಬಿಟ್ಟೆ, "ನಿಮ್ಮ ಮನಸ್ಸಲ್ಲಿ ಏನಿದೆ? ಮಗು ಎಲ್ಲಿದೆ?"

"ದೇವರ ಮಡಿಲಲ್ಲೇ ಇದೆ. ಅದರಲ್ಲೇನು ಅನುಮಾನ?" ಎಂದರು, ಯಾರದೋ ಅಂಗಿಗೆ ಗುಂಡಿ ಹೊಲಿಯುತ್ತಾ.

"ಅದನ್ನೇ ಅವಳಿಗೆ ಹೇಳೋಕೆ ಏನಾಗಿತ್ತು?"

"ಅವಳು ಕೇಳಿದ್ದು ಎಲ್ಲರ ಮುಂದೆ, ವಾದದ ಕೋಣೇಲಿ. ಅಲ್ಲಿ ಆಧಾರ ಇಲ್ಲದೆ ಮಾತಾಡಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

ನಾನು ನಿಂತ ಕಾಲಲ್ಲೇ ನಾದಿನಿಯ ಮನೆಗೆ ಓಡಿದೆ. ಹೊಸಿಲ ಮೇಲೆ ಕೂತಿದ್ದಳು. ಅವಳ ಅಣ್ಣ ಹೇಳಿದ್ದನ್ನು ಅಕ್ಷರ ಬಿಡದೆ ಹೇಳಿದೆ. ಅವಳು ನನ್ನ ಕೆನ್ನೆ ಸವರಿದಳು.

"ನೀವು ಒಳ್ಳೆಯವರು ಅತ್ತಿಗೆ, ಅದಕ್ಕೇ ಸುಳ್ಳು ಹೇಳ್ತಿದೀರಿ. ಅಣ್ಣ ಹಾಗಂತ ನಂಬಿದ್ದಿದ್ರೆ, ನನ್ನ ಮುಖ ನೋಡ್ಕೊಂಡು ಹೇಳದೆ ಇರ್ತಿದ್ನಾ?"