ಹೂಂಗುಟ್ಟಿ ಕೆಡಿಸಿದ ಮಾಲ್ಟೀಸ್

ಭಾಷಾವಿಜ್ಞಾನ ಓದುತ್ತೇನೆ ಅಂದಾಗ ಸಿದ್ದಾಪುರದ ಅತ್ತೆ, ‘ಎಷ್ಟು ಭಾಷೆ ಬತ್ತು ನಿಂಗೆ?’ ಎಂದು ಕೇಳಿದ್ದಳು. ಪಿಎಚ್‌ಡಿಗೆ ಮಾಲ್ಟೀಸ್ ಹಿಡಿದಿದ್ದೇನೆ ಅಂದಮೇಲೆ ಕೇಳುವುದನ್ನೇ ಬಿಟ್ಟಳು. ಮೆಡಿಟರೇನಿಯನ್ ಸಮುದ್ರದ ನಡುವಿನ ಅಂಗೈಯಗಲದ ದೇಶ ಮಾಲ್ಟಾ. ಅಲ್ಲಿನ ಭಾಷೆ ಅರಬ್ಬಿಯ ಮಗಳು, ಮೈಮೇಲಿನ ಒಡವೆಯೆಲ್ಲ ಇಟಲಿಯದು, ಬರೆಯುವುದು ರೋಮನ್ ಲಿಪಿಯಲ್ಲಿ. ನಾನು ಮರುಳಾದದ್ದು ಅದಕ್ಕೇ. ಶಿರಸಿಯ ಮದುವೆ ಮನೆಗಳಲ್ಲಿ ಇದನ್ನು ವಿವರಿಸಲು ಹೊರಟರೆ ಜನ ‘ಊಟ ಆತಾ?’ ಎನ್ನುತ್ತಿದ್ದರು.

ಮಾತಿನ ಕೊನೆಯಲ್ಲಿ ಮಾಲ್ಟಾದವರು ಸ್ವರವನ್ನು ಎಷ್ಟು ಎಳೆಯುತ್ತಾರೆ ಎಂದು ಅಳೆಯುವುದು ನನ್ನ ಕೆಲಸ. ಅದಕ್ಕೆ ಅಲ್ಲಿನ ಹಳ್ಳಿಯ ಒಬ್ಬ ಅಜ್ಜಿ ಸಿಕ್ಕಳು. ನಾನು ರಜೆಗೆ ಯಲ್ಲಾಪುರದ ಮನೆಗೆ ಬಂದಿದ್ದೆ, ಅಲ್ಲಿಂದಲೇ ಅವಳಿಗೆ ಇಂಟರ್ನೆಟ್ ಕರೆ ಮಾಡಿದೆ. ನಮ್ಮ ನೆಟ್‌ವರ್ಕಿಗೆ ಮುಖ ತೋರಿಸುವ ತಾಕತ್ತಿರಲಿಲ್ಲ, ದನಿಯಷ್ಟೇ ಬರುತ್ತಿತ್ತು. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರಲ್ಲ, ಅಜ್ಜಿಯ ಆಡು ಅವಳ ತಂಗಿಯ ಮದುವೆಯ ಮುಸುಕನ್ನೂ ಬಿಟ್ಟಿರಲಿಲ್ಲ. ಆ ಕಥೆಯನ್ನೇ ಅವಳು ಒಂದು ತಾಸು ನಕ್ಕು ನಕ್ಕು ಹೇಳಿದಳು. ರೆಕಾರ್ಡ್ ಮಾಡಿ, ಕುಣಿದಾಡಿ, ಗೈಡ್ ಮೇಡಂಗೆ ಕಳಿಸಿದೆ.

ಮರುದಿನ ಮೇಡಂ ಫೋನ್ ಮಾಡಿದರು. ‘ಇದರಲ್ಲಿ ಯಾರಮ್ಮ ಅದು, ಪ್ರತಿ ವಾಕ್ಯದ ಕೊನೆಗೂ ಮೂಗಲ್ಲಿ ಹಾಡೋದು?’

ನಾನೇ. ಶಿರಸಿ, ಸಿದ್ದಾಪುರ, ಯಲ್ಲಾಪುರ, ನಮ್ಮ ಈ ಮೂರು ತಾಲೂಕುಗಳಲ್ಲಿ ಯಾರೂ ಸುಮ್ಮನೆ ಕೇಳುವುದಿಲ್ಲ. ಹೇಳುವವರು ಉಸಿರೆಳೆಯುವಷ್ಟರಲ್ಲಿ ಕೇಳುವವರು ‘ಹೂಂ’, ‘ಹೌದನೇ?’, ‘ಅಯ್ಯೋ ದೇವ್ರೇ’ ಹಾಕಲೇಬೇಕು. ಹಾಕದಿದ್ದರೆ ಸಿಟ್ಟು ಬಂದಿದೆ ಎಂದೇ ಅರ್ಥ. ನಾಲ್ಕು ವರ್ಷ ಮಂದಿಯ ಮಾತಿಗೆ ಕಿವಿಗೊಟ್ಟ ನನಗೆ ನನ್ನ ಮೂಗಿನ ಕೆಲಸ ಮಾತ್ರ ಕೇಳಿಸಿರಲಿಲ್ಲ. ಅಳೆಯಬೇಕಾದ ಜಾಗದಲ್ಲೇ ನನ್ನ ಹೂಂ ಚಕ್ಕಳಮಕ್ಕಳ ಹಾಕಿ ಕೂತಿತ್ತು.

‘ತಿಂಗಳ ಕೊನೆಯೊಳಗೆ ಅವಳೊಬ್ಬಳದೇ ದನಿಯ ಒಂದು ಗಂಟೆ ಬೇಕು. ಇಲ್ಲದಿದ್ದರೆ ಈ ವರ್ಷ ಪ್ರಬಂಧ ಸಲ್ಲಿಸೋದನ್ನ ಮರೆತುಬಿಡು,’ ಅಂದರು ಮೇಡಂ. ನನಗೆ ಅಳುವೇ ಬಂತು.

ನನ್ನ ಗೋಳು ಕೇಳಿ ಆಯಿ, ಅಂದರೆ ನನ್ನ ಅಮ್ಮ, ಎಲೆ ಅಡಿಕೆಯ ತಟ್ಟೆ ಮುಂದಿಟ್ಟಳು. ‘ಒಂದು ಕವಳ ಹಾಕ್ಯಂಡು ಕೂತ್ಕ ಕೂಸೆ. ಮಾತು ಹೊರಗೇ ಬತ್ತಿಲ್ಲೆ.’

‘ಕವಳ ಹಾಕಿದವ್ರೇ ಹೆಚ್ಚು ಹೂಂ ಹೇಳದು, ಆಯಿ!’

ಕೊನೆಗೆ ನನ್ನ ಕಡೆಯ ಮೈಕನ್ನೇ ಬಂದ್ ಮಾಡುವುದೆಂದಾಯಿತು. ಅಜ್ಜಿಗೆ ಮೊದಲೇ ಹೇಳಿದೆ: ನಾನು ಕೇಳುತ್ತಿರುತ್ತೇನೆ, ಮಾತಾಡುವುದಿಲ್ಲ, ಅದೇ ಕಥೆ ಹೇಳು. ಆಗಲಿ ಅಂದಳು. ಆದರೆ ಕಥೆಯ ಆಡು ಎರಡು ಹೆಜ್ಜೆ ನಡೆದು ನಿಂತೇಬಿಟ್ಟಿತು. ‘ಇದ್ದೀಯಾ?’ ಎಂದಳು. ನಾನು ಕೋಣೆಯೊಳಗೆ ಮನಸೋ ಇಚ್ಛೆ ಹೂಂಗುಟ್ಟುತ್ತಿದ್ದೆ, ಅವಳಿಗೆ ಕೇಳುತ್ತಿರಲಿಲ್ಲ. ಹೇಗೋ ಮುಂದುವರಿಸಿದಳು, ನೋಟಿಸ್ ಓದುವವರ ಹಾಗೆ. ನಗು ಒಂದೂ ಬರಲಿಲ್ಲ. ನನಗೇನು, ಮೂವತ್ತು ನಿಮಿಷ ದಾಟಿತ್ತು, ನೊಣದ ಸದ್ದೂ ಇಲ್ಲದ ರೆಕಾರ್ಡು.

ಆಗ ಅವಳು ಹಿಂದಿನ ಸಲ ಹೇಳದೇ ಇದ್ದದ್ದನ್ನು ಹೇಳಿದಳು. ಅಂದು ಆಡನ್ನು ಕಟ್ಟಿಹಾಕಬೇಕಿದ್ದವಳು ಅವಳೇ. ಮರೆತಿದ್ದಳು. ತಂಗಿ ಅಕ್ಕನೊಡನೆ ಮಾತು ಬಿಟ್ಟಳು. ಮದುವೆಯಾದ ತಿಂಗಳಲ್ಲೇ ಗಂಡನ ಜೊತೆ ಆಸ್ಟ್ರೇಲಿಯಾದ ಹಡಗು ಹತ್ತಿದಳು.

‘ಬಂದರಿಗೆ ಹೋಗಿದ್ದೆ. ತಿರುಗಿ ನೋಡಲಿಲ್ಲ. ಸಾಯುವವರೆಗೂ ಒಂದು ಕಾಗದ ಬರೆಯಲಿಲ್ಲ.’

ಕೊನೆಯ ಸ್ವರ ಉದ್ದಕ್ಕೆ ಹೋಯಿತು. ನಾನು ಅಷ್ಟು ದಿನ ಹುಡುಕಿದ್ದು ಅದನ್ನೇ. ಆಮೇಲೆ ತೀರ ಸಣ್ಣ ದನಿಯಲ್ಲಿ ಮತ್ತೆ, ‘ಇದ್ದೀಯಾ?’

ಇನ್ನರ್ಧ ಗಂಟೆ ತಡೆದುಕೊಂಡಿದ್ದರೆ ಆಗುತ್ತಿತ್ತು. ಆಗಲಿಲ್ಲ. ಮೈಕಿನ ಗುಂಡಿ ಒತ್ತಿದೆ.

‘ಹೂಂ,’ ಅಂದೆ.

ಅಜ್ಜಿ ಅತ್ತಳು. ಅತ್ತು ಮುಗಿಸಿ ತಂಗಿಯ ಬಗ್ಗೆ ಎರಡು ತಾಸು ಮಾತಾಡಿದಳು, ಅಷ್ಟೂ ಹೊತ್ತು ನಾನು ಹೂಂಗುಟ್ಟಿದೆ. ಪ್ರಬಂಧ ಮರುವರ್ಷಕ್ಕೆ ಹೋಯಿತು. ಇನ್ನೊಮ್ಮೆ ಸುಮ್ಮನಿದ್ದು ಕೇಳುತ್ತೇನೆ ಎಂದು ಅವಳಿಗೆ ಹೇಳಲು ನನಗೆ ಮುಖವಿರಲಿಲ್ಲ.